ಚೆನ್ನೈ ಎಕ್ಸ್‌ಪೋದಲ್ಲಿ ಸ್ಟಾಲ್ ಹಾಕುವುದು ಹೇಗೆ: ದಾವಣಗೆರೆ, ಚಿತ್ರದುರ್ಗದ ಸಣ್ಣ ಉದ್ಯಮದವರಿಗೆ

ಮಂಡಕ್ಕಿ, ಶೇಂಗಾ ಎಣ್ಣೆ, ಚಳ್ಳಕೆರೆ ಕಂಬಳಿ, ಮೊಳಕಾಲ್ಮೂರು ಸೀರೆ. ನಮ್ಮ ಎರಡು ಜಿಲ್ಲೆಯಲ್ಲಿ ಹೊರಗಿನವರಿಗೆ ತೋರಿಸುವ ಸರಕಿಗೆ ಕೊರತೆ ಇಲ್ಲ. ಬಂದರು ಇರುವ ಊರಿನ ಎಕ್ಸ್‌ಪೋಗೆ ಹೋದರೆ ರಫ್ತು ಮಾಡುವವರೇ ನಿಮ್ಮ ಮೇಜಿನ ಮುಂದೆ ಬಂದು ನಿಲ್ಲುತ್ತಾರೆ. ನಮಗೆ ಅಂಥ ದೊಡ್ಡ ಊರು ಎರಡು, ಮುಂಬೈ ಮತ್ತು ಚೆನ್ನೈ. ನಮ್ಮ ಊರುಗಳ ಪಕ್ಕ ಹಾದುಹೋಗುವ 48ನೇ ನಂಬರ್ ಹೆದ್ದಾರಿ ಎರಡೂ ಕಡೆಗೆ ಹೋಗುತ್ತದೆ. ಇಲ್ಲಿ ನಾನು ಚೆನ್ನೈ ಹಿಡಿದು ಬರೆಯುತ್ತೇನೆ, ಯಾಕೆಂದರೆ ಮೊದಲ ಸಲ ಹೋಗುವವರಿಗೆ ಅದೇ ಹತ್ತಿರ. ದಾವಣಗೆರೆಯಿಂದ ಸುಮಾರು 600 ಕಿ.ಮೀ. ಮುಂಬೈಗೂ ಇದರಲ್ಲಿ ಬಹುಪಾಲು ಹಾಗೇ ಅನ್ವಯಿಸುತ್ತದೆ.

ಮೊದಲೇ ಒಂದು ಮಾತು. ಸ್ಟಾಲ್ ಅಂದ ಕೂಡಲೇ ಎಲ್ಲರೂ ಡಿಸೈನರ್ ಹತ್ತಿರ ಓಡುತ್ತಾರೆ. ಹಾಗೆ ಮಾಡಬೇಡಿ. ಮೊದಲು ಜಾಗ, ಆಮೇಲೆ ಅಳತೆ, ಆಮೇಲೆ ಕಾಗದಪತ್ರ, ಡಿಸೈನ್ ಕೊನೆಗೆ. ಈ ಕ್ರಮ ತಪ್ಪಿದರೆ ಒಂದೇ ಫ್ಲೆಕ್ಸನ್ನು ಎರಡು ಸಲ ಪ್ರಿಂಟ್ ಹಾಕಿಸಬೇಕಾಗುತ್ತದೆ.

ಜಾಗ ಹಿಡಿಯುವುದು

ಚೆನ್ನೈನಲ್ಲಿ ದೊಡ್ಡ ಎಕ್ಸ್‌ಪೋಗಳು ಹೆಚ್ಚಾಗಿ ನಂದಂಬಾಕ್ಕಂನ ಚೆನ್ನೈ ಟ್ರೇಡ್ ಸೆಂಟರ್‌ನಲ್ಲಿ ನಡೆಯುತ್ತವೆ. ಅದನ್ನು ನೋಡಿಕೊಳ್ಳುವುದು ತಮಿಳುನಾಡು ಟ್ರೇಡ್ ಪ್ರಮೋಷನ್ ಆರ್ಗನೈಸೇಷನ್. ಆದರೆ ನಿಮಗೆ ಸ್ಟಾಲ್ ಕೊಡುವವರು ಅವರಲ್ಲ. ಹಾಲ್ ಬಾಡಿಗೆಗೆ ಹಿಡಿದು ಎಕ್ಸ್‌ಪೋ ನಡೆಸುವ ಆಯೋಜಕರು ಬೇರೆ ಇರುತ್ತಾರೆ, ನಿಮ್ಮ ವ್ಯವಹಾರ ಅವರ ಜೊತೆ. ಟ್ರೇಡ್ ಸೆಂಟರ್ ವಿಮಾನ ನಿಲ್ದಾಣಕ್ಕೆ ಹತ್ತಿರ, ಆಲಂದೂರು ಅಥವಾ ಗಿಂಡಿ ಕಡೆ ರೂಮ್ ಮಾಡಿದರೆ ಓಡಾಟ ಸುಲಭ.

ಸ್ಟಾಲ್ ಎರಡು ಥರ ಸಿಗುತ್ತದೆ. ಒಂದು ಶೆಲ್ ಸ್ಕೀಮ್, ಅಂದರೆ ಅಲ್ಯೂಮಿನಿಯಂ ಕಂಬಕ್ಕೆ ಬಿಳಿ ಪ್ಯಾನೆಲ್ ಸಿಕ್ಕಿಸಿ, ಕೆಳಗೆ ಕಾರ್ಪೆಟ್ ಹಾಸಿ, ಮೇಲೆ ನಿಮ್ಮ ಹೆಸರಿನ ಪಟ್ಟಿ ಹಚ್ಚಿ ರೆಡಿ ಮಾಡಿ ಕೊಡುತ್ತಾರೆ. ಸಾಮಾನ್ಯವಾಗಿ ಒಂದು ಟೇಬಲ್, ಎರಡು ಕುರ್ಚಿ, ಎರಡು ಮೂರು ಸ್ಪಾಟ್ ಲೈಟ್, ಒಂದು ಪ್ಲಗ್ ಪಾಯಿಂಟ್ ಇದರ ಜೊತೆಗೇ ಬರುತ್ತವೆ. ಇನ್ನೊಂದು ಬೇರ್ ಸ್ಪೇಸ್. ಅದು ಬರೀ ನೆಲ, ಕಟ್ಟುವುದೆಲ್ಲ ನಿಮ್ಮ ಖರ್ಚು, ನಕ್ಷೆಗೆ ಅವರ ಒಪ್ಪಿಗೆ ಬೇಕು, ಹೆಚ್ಚಿನ ಕಡೆ ಡೆಪಾಸಿಟ್ ಬೇರೆ. ಮೊದಲ ಸಲ ಹೋಗುವವರು ಕಣ್ಣು ಮುಚ್ಚಿ ಶೆಲ್ ಸ್ಕೀಮ್ ತಗೊಳ್ಳಿ.

ಚಿಕ್ಕ ಅಳತೆ ಸಾಮಾನ್ಯವಾಗಿ 3 ಮೀಟರ್‌ಗೆ 3 ಮೀಟರ್, ಒಟ್ಟು 9 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಹತ್ತಡಿ ಚೌಕಕ್ಕೆ ಸ್ವಲ್ಪ ಕಡಿಮೆ. ಸಣ್ಣ ಉದ್ಯಮಕ್ಕೆ ಇದು ಧಾರಾಳ ಸಾಕು. ದುಡ್ಡು ಜಾಸ್ತಿ ಇದ್ದರೆ ದೊಡ್ಡ ಜಾಗಕ್ಕಿಂತ ಮೂಲೆ ಸ್ಟಾಲ್‌ಗೆ ಹಾಕಿ. ಎರಡು ಕಡೆ ತೆರೆದಿರುತ್ತದೆ, ಎರಡು ದಾರಿಯ ಜನ ಕಾಣುತ್ತಾರೆ. ಅದಕ್ಕೆ ಸಾಮಾನ್ಯವಾಗಿ ಸ್ವಲ್ಪ ಹೆಚ್ಚುವರಿ ಹಾಕುತ್ತಾರೆ. ಲೆಕ್ಕ ತಿಳಿಯಲು ಒಂದು ಉದಾಹರಣೆ: ಚದರ ಮೀಟರಿಗೆ 10,000 ರೂಪಾಯಿ ಅಂತ ಇಟ್ಟುಕೊಂಡರೆ 9 ಚದರ ಮೀಟರಿಗೆ 90,000. ಮೂಲೆಗೆ ಶೇ. 10 ಸೇರಿಸಿದರೆ 99,000. ಅದರ ಮೇಲೆ ಶೇ. 18 ಜಿಎಸ್‌ಟಿ 17,820. ಒಟ್ಟು 1,16,820. ಫೋನಿನಲ್ಲಿ ಹೇಳುವ ರೇಟು ಯಾವಾಗಲೂ ಜಿಎಸ್‌ಟಿ ಬಿಟ್ಟು ಇರುತ್ತದೆ ಅಂತಲೇ ತಿಳಿದುಕೊಳ್ಳಿ. ಇನ್ನೊಂದು, ಜಾಗದ ಬಾಡಿಗೆ ಎಷ್ಟೋ ಅದರ ಎರಡರಷ್ಟು ದುಡ್ಡು ಪ್ರಿಂಟಿಂಗ್, ಸಾಗಾಟ, ರೂಮು, ಊಟ, ಸ್ಯಾಂಪಲ್‌ಗೆ ಅಂತ ಬೇರೆ ಎತ್ತಿಡಿ. ಅಷ್ಟು ಆಗುವುದಿಲ್ಲ ಅನ್ನಿಸಿದರೆ ಈ ವರ್ಷ ಬರೀ ನೋಡಿಕೊಂಡು ಬನ್ನಿ, ಅದೂ ಒಳ್ಳೆಯ ಕೆಲಸವೇ.

ದುಡ್ಡು ಹಾಕುವ ಮೊದಲು ಫ್ಲೋರ್ ಪ್ಲಾನ್, ಅಂದರೆ ಹಾಲ್‌ನ ನಕ್ಷೆ ತರಿಸಿಕೊಳ್ಳಿ. ಬರೀ ಸ್ಟಾಲ್ ನಂಬರ್ ನೋಡಿ ಒಪ್ಪಬೇಡಿ. ಬಾಗಿಲು ಎಲ್ಲಿ, ಶೌಚಾಲಯ ಎಲ್ಲಿ, ಹಾಲ್‌ನ ಕಂಬ ನಿಮ್ಮ ಸ್ಟಾಲ್ ಒಳಗೆ ಅಥವಾ ಮುಂದೆ ಬರುತ್ತದಾ, ದೊಡ್ಡ ಕಂಪನಿಗಳು ಯಾವ ಸಾಲಿನಲ್ಲಿ ಕೂತಿವೆ, ಎಲ್ಲ ನೋಡಿ. ಬಾಗಿಲಿಗೆ ಅಂಟಿಕೊಂಡ ಸ್ಟಾಲ್ ಒಳ್ಳೆಯದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಆದರೆ ಒಳಗೆ ಬಂದ ಜನ ಮೊದಲ ಹತ್ತು ಹೆಜ್ಜೆ ಎಲ್ಲೂ ನಿಲ್ಲುವುದಿಲ್ಲ, ಸೀದಾ ಮುಂದೆ ನಡೆಯುತ್ತಾರೆ. ಬಾಗಿಲಿನಿಂದ ಸ್ವಲ್ಪ ಒಳಗೆ, ದೊಡ್ಡ ಕಂಪನಿಯ ಎದುರಿಗೋ ಪಕ್ಕಕ್ಕೋ ಇರುವ ಜಾಗ ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು. ಕರಾರಿನಲ್ಲಿ ಆಯೋಜಕರು ನಿಮ್ಮ ಸ್ಟಾಲ್ ಬದಲಾಯಿಸಬಹುದು ಅನ್ನುವ ಸಾಲು ಸಾಮಾನ್ಯವಾಗಿ ಇರುತ್ತದೆ. ಬದಲಾಯಿಸಿದರೆ ಎಲ್ಲಿ ಕೊಡುತ್ತೀರಿ, ರದ್ದಾದರೆ ಎಷ್ಟು ವಾಪಸ್, ಇದನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ.

ಎಕ್ಸಿಬಿಟರ್, ಅಂದರೆ ಸ್ಟಾಲ್ ಹಾಕುವವರ ಪಟ್ಟಿಯಲ್ಲಿ ನಿಮ್ಮ ಹೆಸರು ಬಂದ ಮೇಲೆ "ಬರುವವರ ಲಿಸ್ಟ್ ಕೊಡುತ್ತೇವೆ, ಹೋಟೆಲ್ ಬುಕ್ ಮಾಡಿಕೊಡುತ್ತೇವೆ" ಅಂತ ಗುರುತಿಲ್ಲದವರಿಂದ ಮೇಲ್ ಬರುತ್ತವೆ. ದುಡ್ಡು ಹಾಕಬೇಡಿ. ಅನುಮಾನ ಬಂದರೆ ಆಯೋಜಕರಿಗೇ ಫೋನ್ ಮಾಡಿ.

ಸರ್ಕಾರದ ನೆರವು

ಉದ್ಯಮ್ ನೋಂದಣಿ (ಸಣ್ಣ ಉದ್ಯಮ ಅಂತ ಕೇಂದ್ರ ಸರ್ಕಾರದಲ್ಲಿ ಮಾಡಿಸುವ ನೋಂದಣಿ) ಇದ್ದರೆ ಕೇಂದ್ರದ ಎಂಎಸ್‌ಎಂಇ, ಅಂದರೆ ಸಣ್ಣ ಉದ್ಯಮಗಳ ಸಚಿವಾಲಯದ ಯೋಜನೆಯಲ್ಲಿ ಮೇಳದ ಜಾಗದ ಬಾಡಿಗೆಯಲ್ಲಿ ಒಂದು ಪಾಲು ವಾಪಸ್ ಪಡೆಯುವ ದಾರಿ ಇದೆ. ಮಹಿಳೆಯರ ಮತ್ತು ಪರಿಶಿಷ್ಟ ಜಾತಿ, ಪಂಗಡದವರ ಘಟಕಗಳಿಗೆ ನೆರವು ಹೆಚ್ಚು. ಉದ್ಯಮ್ ನೋಂದಣಿಗೆ ಒಂದು ಪೈಸೆ ಶುಲ್ಕ ಇಲ್ಲ, ಯಾರಾದರೂ ಕೇಳಿದರೆ ಕೊಡಬೇಡಿ. ರಫ್ತಿನ ಆಸೆ ಇದ್ದವರು ವಿಶ್ವೇಶ್ವರಯ್ಯ ವಾಣಿಜ್ಯ ಉತ್ತೇಜನ ಕೇಂದ್ರದವರನ್ನೂ ವಿಚಾರಿಸಿ. ಎಲ್ಲಕ್ಕೂ ಮೊದಲು ನಿಮ್ಮ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ, ಸ್ಟಾಲ್ ಬುಕ್ ಮಾಡುವ ಮೊದಲೇ ಹೋಗಿ. ಮೇಳ ಮುಗಿಸಿಕೊಂಡು ಬಿಲ್ ಹಿಡಿದು ಹೋದರೆ ತಡವಾಗಿರುತ್ತದೆ.

ಜಿಎಸ್‌ಟಿ ವಿಷಯ ಹಗುರ ಮಾಡಬೇಡಿ

ಬರೀ ತೋರಿಸಿ ಆರ್ಡರ್ ತಗೊಂಡು ಬರುವುದು ಒಂದು, ಅಲ್ಲೇ ಮಾರುವುದು ಇನ್ನೊಂದು. ತೋರಿಸಲು ಒಯ್ಯುವ ಸರಕಿಗೆ ಡೆಲಿವರಿ ಚಲನ್ (ಮಾರದೆ ಸರಕು ಒಯ್ಯುವಾಗ ಬಿಲ್ ಬದಲು ಬರೆಯುವ ಚೀಟಿ) ಬೇಕು. ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ಲೂ (ಸರಕು ಸಾಗಿಸಲು ಆನ್‌ಲೈನ್‌ನಲ್ಲಿ ತೆಗೆಯುವ ಜಿಎಸ್‌ಟಿ ಚೀಟಿ) ಬೇಕು. ಅದರಲ್ಲಿ ಕಾರಣ ಆರಿಸುವಾಗ ಎಕ್ಸಿಬಿಷನ್ ಅನ್ನುವ ಆಯ್ಕೆ ಇರುತ್ತದೆ, ಅದನ್ನೇ ಒತ್ತಿ. ಇ-ವೇ ಬಿಲ್ 200 ಕಿ.ಮೀ.ಗೆ ಒಂದು ದಿನದ ಲೆಕ್ಕದಲ್ಲಿ ನಡೆಯುತ್ತದೆ, ಹಾಗಾಗಿ ಚೆನ್ನೈಗೆ ಮೂರ್ನಾಲ್ಕು ದಿನ ಸಿಗುತ್ತದೆ.

ಅಲ್ಲೇ ಮಾರುವುದಾದರೆ ತಮಿಳುನಾಡಿನಲ್ಲಿ ಕ್ಯಾಶುಯಲ್ ಟ್ಯಾಕ್ಸಬಲ್ ಪರ್ಸನ್ ಅಂತ ತಾತ್ಕಾಲಿಕ ನೋಂದಣಿ ಬೇಕಾಗುತ್ತದೆ. ವ್ಯಾಪಾರ ಶುರುವಾಗುವ ಕನಿಷ್ಠ 5 ದಿನ ಮೊದಲು ಅರ್ಜಿ ಹಾಕಬೇಕು, ಅಂದಾಜು ತೆರಿಗೆ ಮುಂಗಡ ಕಟ್ಟಬೇಕು, 90 ದಿನದವರೆಗೆ ನಡೆಯುತ್ತದೆ. ಕೈಯಲ್ಲಿ ಮಾಡಿದ ಕೆಲವು ಸರಕಿಗೆ ವಿನಾಯಿತಿ ಇದೆ. ಕಂಬಳಿ, ಕೈಮಗ್ಗದ ಸೀರೆಯವರು ಇದನ್ನು ಆಡಿಟರ್ ಹತ್ತಿರ ಖಂಡಿತ ಕೇಳಿ. ಆದರೆ ನೋಂದಣಿಯ ವಿನಾಯಿತಿ ಪಡೆದು ಕರಕುಶಲ ಸರಕನ್ನು ಬೇರೆ ರಾಜ್ಯಕ್ಕೆ ಒಯ್ಯುವಾಗ ಬೆಲೆ ಎಷ್ಟೇ ಇರಲಿ ಇ-ವೇ ಬಿಲ್ ಬೇಕೇ ಬೇಕು.

ಕಾಂಪೋಸಿಷನ್ ಸ್ಕೀಮ್‌ನಲ್ಲಿ (ಸಣ್ಣವರು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ಜಿಎಸ್‌ಟಿ ಕಟ್ಟುವ ಪದ್ಧತಿ) ಇರುವವರು ನಿಂತು ಓದಿ. ಆ ಸ್ಕೀಮ್‌ನಲ್ಲಿದ್ದು ಬೇರೆ ರಾಜ್ಯಕ್ಕೆ ಸರಕು ಮಾರುವಂತಿಲ್ಲ. ಅಂದರೆ ಚೆನ್ನೈನಲ್ಲಿ ಆರ್ಡರ್ ಬಂದರೂ ಕಳಿಸಲು ಬರುವುದಿಲ್ಲ. ಸ್ಟಾಲ್‌ಗೆ ದುಡ್ಡು ಕಟ್ಟುವ ಮೊದಲೇ ಇದನ್ನು ತೀರ್ಮಾನ ಮಾಡಿಕೊಳ್ಳಿ.

ತಿನ್ನುವ ಪದಾರ್ಥ ಆದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್, ತೂಕ, ಎಂಆರ್‌ಪಿ, ತಯಾರಿಸಿದ ದಿನಾಂಕ ಪ್ಯಾಕೆಟ್ ಮೇಲೆ ಇರಬೇಕು. ಹಾಲ್ ಒಳಗೆ ಗ್ಯಾಸ್ ಸಿಲಿಂಡರ್ ಬಿಡುವುದಿಲ್ಲ. ಬಿಸಿ ಬಿಸಿ ಮಿರ್ಚಿ ಕರಿದು ಜನ ಸೇರಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ.

ಈಗ ಡಿಸೈನ್

ಆಯೋಜಕರು ಎಕ್ಸಿಬಿಟರ್ ಮ್ಯಾನ್ಯುಯಲ್, ಅಂದರೆ ಸ್ಟಾಲ್‌ನವರಿಗೆ ನಿಯಮದ ಪುಸ್ತಕ ಕಳಿಸುತ್ತಾರೆ. ಅದನ್ನು ಪೂರ್ತಿ ಓದಿ. ಹೆಸರಿನ ಪಟ್ಟಿಗೆ ಯಾವ ಅಕ್ಷರ, ಎಷ್ಟು ಕಿಲೋವ್ಯಾಟ್ ಕರೆಂಟ್, ಹೆಚ್ಚುವರಿ ಕುರ್ಚಿ, ಟಿವಿ ಬಾಡಿಗೆ, ಪ್ರತಿಯೊಂದಕ್ಕೂ ಒಂದು ಕೊನೆಯ ದಿನ ಇರುತ್ತದೆ. ದಿನ ದಾಟಿದರೆ ಅದೇ ಸಾಮಾನಿಗೆ ರೇಟು ಜಾಸ್ತಿ. ಹೆಸರಿನ ಪಟ್ಟಿಯ ಅಕ್ಷರವನ್ನು ನೀವೇ ಟೈಪ್ ಮಾಡಿ ಕಳಿಸಿ, ಫೋನಿನಲ್ಲಿ ಹೇಳಬೇಡಿ. ಫ್ರಿಜ್ ಇದ್ದರೆ ರಾತ್ರಿಯೂ ಕರೆಂಟ್ ಬೇಕು ಅಂತ ಬೇರೆಯಾಗಿ ಕೇಳಿ, ಇಲ್ಲದಿದ್ದರೆ ಸಂಜೆ ಮೇಳ ಮುಗಿದ ಮೇಲೆ ಲೈನ್ ಆಫ್ ಆಗುತ್ತದೆ.

ಶೆಲ್ ಸ್ಕೀಮ್ ಪ್ಯಾನೆಲ್ ಸುಮಾರು ಒಂದು ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರ ಇರುತ್ತದೆ. ಆದರೆ ಸುತ್ತ ಅಲ್ಯೂಮಿನಿಯಂ ಪಟ್ಟಿ ಬರುವುದರಿಂದ ಕಾಣುವ ಭಾಗ ಅದಕ್ಕಿಂತ ಕಡಿಮೆ. ಕಾಣುವ ಅಳತೆ ಮಿಲಿಮೀಟರ್‌ನಲ್ಲಿ ಕೇಳಿ ಪಡೆದು ಆಮೇಲೆ ಪ್ರಿಂಟ್‌ಗೆ ಕೊಡಿ. ಪ್ಯಾನೆಲ್‌ಗೆ ಮೊಳೆ ಹೊಡೆಯುವಂತಿಲ್ಲ, ಗಮ್ ಹಚ್ಚುವಂತಿಲ್ಲ, ಹಾಳಾದರೆ ದಂಡ ಹಾಕುತ್ತಾರೆ. ಕೊಕ್ಕೆ, ಸುಲಭವಾಗಿ ಕೀಳುವ ಡಬಲ್ ಟೇಪ್, ಇಷ್ಟೇ. ಪ್ರಿಂಟಿಂಗ್ ಊರಲ್ಲೇ ಮಾಡಿಸಿ, ಎದುರಿಗೆ ನಿಂತು ಬಣ್ಣ ನೋಡಬಹುದು. ಕಪಾಟು, ಶೋಕೇಸ್‌ನಂಥ ಭಾರದ ಸಾಮಾನನ್ನು ಮಾತ್ರ ಅಲ್ಲೇ ಬಾಡಿಗೆಗೆ ತಗೊಳ್ಳಿ. ಇಲ್ಲಿಂದ ಪ್ಲೈವುಡ್ ಹೊತ್ತುಕೊಂಡು ಹೋಗುವುದು ಸುಮ್ನೆ ಲಾರಿ ಬಾಡಿಗೆ ದಂಡ.

ಹಿಂದಿನ ಗೋಡೆಯ ಮೇಲೆ ಒಂದೇ ದೊಡ್ಡ ಚಿತ್ರ, ಒಂದೇ ಸಾಲು. ಏನು ಮಾರುತ್ತೀರಿ ಅನ್ನುವುದು ಹತ್ತಡಿ ದೂರದಿಂದ ನಡೆದು ಹೋಗುವವರಿಗೆ ಓದಲು ಬರಬೇಕು. ಕಂಪನಿ ಹೆಸರು ಚಿಕ್ಕದಾಗಿದ್ದರೂ ಪರವಾಗಿಲ್ಲ, "ದಾವಣಗೆರೆ ಮಂಡಕ್ಕಿ" ಅನ್ನುವುದು ದೊಡ್ಡದಾಗಿರಲಿ. ತಮಿಳಿನಲ್ಲಿ ಮತ್ತು ಇಂಗ್ಲಿಷಿನಲ್ಲಿ ಹಾಕಿ, ಕನ್ನಡವನ್ನೂ ಬಿಡಬೇಡಿ, ಊರಿನ ಸರಕು ಅಂತ ಗೊತ್ತಾಗುವುದೇ ಅದರಿಂದ. ಸೊಂಟದಿಂದ ಕೆಳಗೆ ಏನೂ ಬರೆಸಬೇಡಿ, ಜನ ನಿಂತರೆ ಕಾಣುವುದಿಲ್ಲ. ಕ್ಯೂಆರ್ ಕೋಡ್ ಎದೆಮಟ್ಟದಲ್ಲಿ ಇರಲಿ, ಕ್ಯಾಟಲಾಗ್ ನಿಮ್ಮ ಮೊಬೈಲ್‌ನಲ್ಲೂ ಡೌನ್‌ಲೋಡ್ ಆಗಿರಲಿ, ಜನ ತುಂಬಿದ ಹಾಲ್‌ನಲ್ಲಿ ನೆಟ್‌ವರ್ಕ್ ನಂಬಲು ಬರುವುದಿಲ್ಲ.

ಟೇಬಲ್ ಅನ್ನು ಮುಂದೆ ಅಡ್ಡ ಇಡಬೇಡಿ. ಅಡ್ಡ ಇಟ್ಟರೆ ಟಿಕೆಟ್ ಕೌಂಟರ್ ಥರ ಆಗುತ್ತದೆ, ಯಾರೂ ಒಳಗೆ ಕಾಲಿಡುವುದಿಲ್ಲ. ಪಕ್ಕದ ಗೋಡೆಗೆ ಸೇರಿಸಿ ಇಡಿ. ನೆಲ ಮುಟ್ಟುವ ಬಟ್ಟೆ ಹಾಸಿದರೆ ಖಾಲಿ ಡಬ್ಬ, ಚೀಲ ಎಲ್ಲ ಅದರ ಕೆಳಗೆ ಹೋಗುತ್ತದೆ. ಸ್ಟಾಲ್ ಹಿಂದೆ ಸಾಮಾನು ಇಡಲು ಬೆಂಕಿ ಸುರಕ್ಷತೆಯವರು ಬಿಡುವುದಿಲ್ಲ.

ಸೀರೆಯವರಿಗೆ ಲೈಟೇ ಮುಖ್ಯ. ಹಳದಿ ಸ್ಪಾಟ್ ಲೈಟ್ ಕೆಳಗೆ ಮೊಳಕಾಲ್ಮೂರು ರೇಷ್ಮೆಯ ನೀಲಿ, ಹಸಿರು ಮಂಕಾಗಿ ಕಾಣುತ್ತವೆ. 4,000 ಕೆಲ್ವಿನ್ ಆಸುಪಾಸಿನ ಬಿಳಿ ಲೈಟ್ ಕೇಳಿ ಹಾಕಿಸಿಕೊಳ್ಳಿ. ಇಪ್ಪತ್ತು ಸೀರೆ ಒತ್ತೊತ್ತಾಗಿ ನೇತುಹಾಕುವ ಬದಲು ಒಂದರ ಸೆರಗು ಪೂರ್ತಿ ಬಿಚ್ಚಿ ಇಳಿಬಿಡಿ, ಉಳಿದದ್ದು ಮಡಿಚಿ ಇಡಿ. ಮುಟ್ಟಿ ನೋಡಲು ಒಂದು ತುಂಡು ಕೈಗೆಟುಕುವಂತಿರಲಿ.

ಮಂಡಕ್ಕಿಯವರ ಕಷ್ಟ ಬೇರೆ. ಚೆನ್ನೈ ಕಡಲ ತೀರದ ಊರು, ಗಾಳಿಯಲ್ಲೇ ತೇವ. ನಮ್ಮ ಭಟ್ಟಿಯಿಂದ ಗರಿಗರಿಯಾಗಿ ಹೋದ ಮಂಡಕ್ಕಿ ತೆರೆದ ಬುಟ್ಟಿಯಲ್ಲಿ ಇಟ್ಟರೆ ನೋಡನೋಡುತ್ತಲೇ ಮೆತ್ತಗಾಗುತ್ತದೆ, ಖಾರ ಮಂಡಕ್ಕಿಯೂ ಅಷ್ಟೇ. ಬುಟ್ಟಿ ಚೆನ್ನಾಗಿ ಕಾಣುತ್ತದೆ ನಿಜ, ಆದರೆ ಮೊದಲ ಹಿಡಿ ಬಾಯಿಗೆ ಹಾಕಿಕೊಂಡವರಿಗೆ ಮೆತ್ತನೆ ಮಂಡಕ್ಕಿ ಸಿಕ್ಕರೆ ಅಲ್ಲಿಗೆ ಮುಗಿಯಿತು. ಗಾಳಿ ಆಡದ ಗಾಜಿನ ಜಾಡಿಯಲ್ಲಿ ತೋರಿಸಿ, ಚಿಕ್ಕ ಚಿಕ್ಕ ಸೀಲ್ ಮಾಡಿದ ಪೊಟ್ಟಣದಲ್ಲಿ ರುಚಿಗೆ ಕೊಡಿ, ಅವರ ಕೈಯಲ್ಲೇ ಒಡೆಯಲಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಅಲ್ಲಿ ಹಿಂಗಾರು ಮಳೆ. ಆ ಸಮಯದಲ್ಲಿ ಹೋಗುವವರು ರಟ್ಟಿನ ಪೆಟ್ಟಿಗೆ ಒಳಗೊಂದು, ಹೊರಗೊಂದು ಪ್ಲಾಸ್ಟಿಕ್ ಹಾಕಿ.

ಬಂದರು ಊರಿನ ಖರೀದಿದಾರರಿಗಾಗಿ ಇನ್ನೊಂದು ಕೆಲಸ ಮಾಡಿ. ನೀವು ಸರಕು ಕಳಿಸುವ ನಿಜವಾದ ಕಾರ್ಟನ್ ಒಂದನ್ನು ಸ್ಟಾಲ್‌ನಲ್ಲಿ ಇಡಿ. ಅದರ ಮೇಲೆ ಉದ್ದ, ಅಗಲ, ಎತ್ತರ, ತೂಕ, ಎಷ್ಟು ದಿನ ಕೆಡುವುದಿಲ್ಲ ಅನ್ನುವುದನ್ನು ದಪ್ಪಕ್ಷರದಲ್ಲಿ ಬರೆಸಿ. ರಫ್ತಿನವರು ಕೇಳುವುದು ಇದನ್ನೇ, ಒಂದು ಕಂಟೈನರ್‌ಗೆ ಎಷ್ಟು ಪೆಟ್ಟಿಗೆ ಹಿಡಿಯುತ್ತದೆ ಅಂತ. 20 ಅಡಿ ಕಂಟೈನರ್ ಒಳಗೆ ಸುಮಾರು 33 ಘನ ಮೀಟರ್ ಜಾಗ ಇದ್ದರೂ ತುಂಬಲು ಬರುವುದು 28 ಅಂತ ಹಿಡಿಯಿರಿ. 60, 40, 40 ಸೆಂಟಿಮೀಟರ್ ಪೆಟ್ಟಿಗೆ ಆದರೆ ಸುಮಾರು 290 ಹಿಡಿಯುತ್ತವೆ. ಮಂಡಕ್ಕಿ ಹಗುರ, ಜಾಗ ಜಾಸ್ತಿ ತಿನ್ನುತ್ತದೆ, ಹಾಗಾಗಿ ಈ ಲೆಕ್ಕ ಬಾಯಲ್ಲಿದ್ದರೆ ಮಾತು ಮುಂದೆ ಹೋಗುತ್ತದೆ. ನೀವೇ ರಫ್ತು ಮಾಡಬೇಕಾದರೆ ಐಇಸಿ ಕೋಡ್ (ಆಮದು-ರಫ್ತು ಮಾಡುವವರಿಗೆ ಸರ್ಕಾರ ಕೊಡುವ ನಂಬರ್) ಬೇಕು. ಇಲ್ಲದವರು ಮರ್ಚೆಂಟ್ ಎಕ್ಸ್‌ಪೋರ್ಟರ್, ಅಂದರೆ ಬೇರೆಯವರ ಸರಕು ಕೊಂಡು ರಫ್ತು ಮಾಡುವವರ ಮೂಲಕ ಶುರು ಮಾಡಬಹುದು.

ಮೇಳದ ದಿನಗಳಲ್ಲಿ

ಕನಿಷ್ಠ ಇಬ್ಬರು ಬೇಕು, ಒಬ್ಬರಿಗೆ ತಮಿಳು ಬಂದರೆ ತುಂಬಾ ಒಳ್ಳೆಯದು. ಕತ್ತರಿ, ಟೇಪ್, ಕೇಬಲ್ ಟೈ, ಎಕ್ಸ್‌ಟೆನ್ಷನ್ ಬಾಕ್ಸ್, ಮಾರ್ಕರ್, ಒರೆಸುವ ಬಟ್ಟೆ ಒಂದು ಚೀಲದಲ್ಲಿ ಕೈಯಲ್ಲೇ ಇರಲಿ, ಲಾರಿಯಲ್ಲಿ ಹಾಕಬೇಡಿ. ವಿಸಿಟಿಂಗ್ ಕಾರ್ಡ್ ಕೊಟ್ಟವರು ಏನು ಕೇಳಿದರು ಅಂತ ಅವರು ಹೋದ ತಕ್ಷಣ ಕಾರ್ಡ್ ಹಿಂದೆ ಬರೆದುಕೊಳ್ಳಿ. ರಾತ್ರಿ ರೂಮಿಗೆ ಹೋಗಿ ಅವರಿಗೆ ವಾಟ್ಸಾಪ್‌ನಲ್ಲಿ ನಿಮ್ಮ ಹೆಸರು, ಸರಕಿನ ಫೋಟೋ ಕಳಿಸಿ. ರೇಟು ಊರಿಗೆ ಬಂದು ಒಂದೆರಡು ದಿನದಲ್ಲಿ ಕಳಿಸಿದರೂ ಸಾಕು, ಆದರೆ ಕಳಿಸಿ.

ಕೊನೆಯ ದಿನ ಹೊತ್ತಿಗೆ ಮುಂಚೆ ಸ್ಟಾಲ್ ಬಿಚ್ಚಲು ಬಿಡುವುದಿಲ್ಲ, ಆದ್ದರಿಂದ ವಾಪಸ್ ಬಸ್ಸು, ರೈಲಿನ ಟಿಕೆಟ್ ಅದೇ ಸಂಜೆಗೆ ಮಾಡಿಸಬೇಡಿ. ಸಾಮಾನು ಹೊರಗೆ ತರಲು ಗೇಟ್ ಪಾಸ್ ಬೇಕು, ಅದನ್ನು ಮಧ್ಯಾಹ್ನವೇ ಬರೆಸಿಟ್ಟುಕೊಳ್ಳಿ. ಸಾಮಾನು ಕಟ್ಟಲು ಶುರು ಮಾಡುವ ಮೊದಲು ಒಂದು ಸುತ್ತು ಹಾಲ್ ತಿರುಗಿ, ಯಾವ ಸಾಲಿನಲ್ಲಿ ಜನ ನಿಂತಿದ್ದರು, ಯಾವುದು ಖಾಲಿ ಇತ್ತು ಅಂತ ಫ್ಲೋರ್ ಪ್ಲಾನ್ ಮೇಲೆ ಗುರುತು ಹಾಕಿ. ಮುಂದಿನ ವರ್ಷದ ಬುಕಿಂಗ್ ಅನೇಕ ಮೇಳಗಳಲ್ಲಿ ಅಲ್ಲೇ ಆಫೀಸಿನಲ್ಲಿ ಶುರುವಾಗಿರುತ್ತದೆ. ವ್ಯಾಪಾರ ಚೆನ್ನಾಗಿ ಆಗಿದ್ದರೆ ಆ ಗುರುತು ಹಿಡಿದುಕೊಂಡು ಹೋಗಿ ಬೇಕಾದ ನಂಬರ್ ಕೇಳಿ.