ಆರಂಭಿಕ ಜಾರ್ಜಿಯನ್ ಸಾಲುಮನೆಯ ಕಾಲವನ್ನು ಗುರುತಿಸುವ ಬಗೆ

ಮೂವತ್ತು-ನಲವತ್ತರ ಸೈಟು ಎಂದೊಡನೆ ಸುತ್ತ ಎಷ್ಟು ಜಾಗ ಬಿಡಬೇಕೆಂದು ಲೆಕ್ಕ ಹಾಕುವ ಬೆಂಗಳೂರಿನವರು, ಮಕ್ಕಳ ಮನೆಗೆಂದು ಲಂಡನ್ನಿಗೆ ಹೋಗಿ ಅಲ್ಲಿನ ಹಳೆಯ ಸಾಲುಮನೆಗಳನ್ನು ನೋಡುವಾಗ ಆ ಲೆಕ್ಕವನ್ನು ಬದಿಗಿಡಬೇಕು. ಅಲ್ಲಿ ಎರಡು ಮನೆಗಳಿಗೆ ನಡುವೆ ಒಂದೇ ಗೋಡೆ. ಹಾಗೆಂದು ಅದು ವಠಾರವೂ ಅಲ್ಲ. ನೆಲಮಾಳಿಗೆಯ ಅಡುಗೆಮನೆಯಿಂದ ಅಟ್ಟದವರೆಗೆ ಇಡೀ ಮನೆ ಒಂದೇ ಸಂಸಾರಕ್ಕೆಂದು ಕಟ್ಟಿದ್ದು. ಮೊದಲನೆಯ ಜಾರ್ಜ್ ಪಟ್ಟಕ್ಕೆ ಬಂದ 1714ರಿಂದ ಸುಮಾರು 1760ರವರೆಗಿನ ಮನೆಗಳನ್ನು ಆರಂಭಿಕ ಜಾರ್ಜಿಯನ್ ಎನ್ನುವುದು ರೂಢಿ. ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ಬಡಾವಣೆಯ ಫೋರ್ನಿಯರ್ ಬೀದಿಯಲ್ಲಿ 1720ರ ದಶಕದ ಮನೆಗಳು ಸಾಲಾಗಿ ಸಿಗುವುದರಿಂದ ಅಭ್ಯಾಸಕ್ಕೆ ಅದು ಒಳ್ಳೆಯ ಜಾಗ.

ಎದುರಿನ ಫುಟ್‌ಪಾತಿನಲ್ಲಿ ನಿಂತು ಮೊದಲು ಸೂರನ್ನು ನೋಡಿ. 1666ರ ಬೆಂಕಿಯಲ್ಲಿ ಸುಟ್ಟ ಅನುಭವವಿದ್ದ ನಗರವು, 1707ರ ಕಾಯ್ದೆಯ ಮೂಲಕ ಮರದ ಸೂರುಪಟ್ಟಿಯನ್ನು ನಿಷೇಧಿಸಿ ಗೋಡೆಯನ್ನೇ ಪ್ಯಾರಾಪೆಟ್ಟಾಗಿ ಮೇಲೆತ್ತುವಂತೆ ಮಾಡಿತು. ಇಳಿಜಾರು ಮಾಡು ಅದರ ಹಿಂದೆ ಅಡಗಿರುತ್ತದೆ. ಬೀದಿಯಿಂದ ನೋಡಿದವರಿಗೆ ನಮ್ಮ ತಾರಸಿ ಮನೆಯೇ ಎನ್ನಿಸಿದರೂ ಆಶ್ಚರ್ಯವಿಲ್ಲ.

ಆಮೇಲೆ ಕಿಟಕಿ. ಹಲವರು ಬಾಗಿಲಿಗೆ ಮನಸೋತು ಅಲ್ಲಿಂದಲೇ ಆರಂಭಿಸುತ್ತಾರೆ. ಅದು ತಪ್ಪು ದಾರಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಬಾಗಿಲನ್ನೂ ಅದರ ಮೇಲಿನ ಬೀಸಣಿಗೆಯಾಕಾರದ ಗಾಜನ್ನೂ ಮುಂದಿನ ಮಾಲೀಕರು ಮನಬಂದಂತೆ ಬದಲಿಸಿರುತ್ತಾರೆ. ಕಿಟಕಿಯ ಗಾಜು ಬದಲಾದರೂ ಗೋಡೆಯಲ್ಲಿ ಚೌಕಟ್ಟು ಕೂತ ಆಳ ಸುಲಭಕ್ಕೆ ಬದಲಾಗುವುದಿಲ್ಲ. ಚೌಕಟ್ಟು ಇಟ್ಟಿಗೆಯ ಮುಖಕ್ಕೆ ಸಮವಾಗಿದ್ದರೆ ಅದು ಹಳೆಯ ಪದ್ಧತಿ. 1709ರ ಕಾಯ್ದೆ ಅದನ್ನು 4 ಇಂಚು ಒಳಕ್ಕೆ ಸರಿಸಬೇಕೆಂದಿತು. ಹೆಬ್ಬೆರಳನ್ನೂ ಸೇರಿಸಿ ಅಂಗೈಯನ್ನು ಅಡ್ಡಲಾಗಿ ಇಟ್ಟರೆ ಹೆಚ್ಚುಕಡಿಮೆ ಅಷ್ಟೇ ಅಳತೆ. ಒಳಕ್ಕೆ ಸರಿದರೂ ಮರದ ಪೆಟ್ಟಿಗೆಯಂಥ ಚೌಕಟ್ಟು ಅಗಲವಾಗಿ ಕಾಣುತ್ತಿದ್ದರೆ ನೀವು ಹುಡುಕುತ್ತಿರುವ ಕಾಲದ ಮನೆಯಾಗಿರುವ ಸಂಭವ ಹೆಚ್ಚು. 1774ರ ಕಾಯ್ದೆಯ ನಂತರ ಆ ಪೆಟ್ಟಿಗೆಯೂ ಇಟ್ಟಿಗೆಯ ಹಿಂದೆ ಮರೆಯಾಗಿ ತೆಳುವಾದ ಅಂಚಷ್ಟೇ ಹೊರಗೆ ಉಳಿಯಿತು. ಆದರೆ ಈ ಕಾಯ್ದೆಗಳು ಲಂಡನ್ನಿನವು. ಹೊರಗಿನ ಊರುಗಳಲ್ಲಿ ಹಳೆಯ ಪದ್ಧತಿ ಎಷ್ಟೋ ಕಾಲ ಉಳಿದುಕೊಂಡಿದ್ದರಿಂದ ಅಲ್ಲಿ ಇದೇ ಅಳತೆಗೋಲು ಹಿಡಿಯಬೇಡಿ. ಕಿಟಕಿಯ ನೆತ್ತಿಯ ತುಸು ಬಾಗಿದ ಕಮಾನು, ಅದರ ಉಜ್ಜಿ ನಯಗೊಳಿಸಿದ ಕೆಂಪಿಟ್ಟಿಗೆ, ಗಾಜುಗಳ ನಡುವಿನ ದಪ್ಪ ಮರಪಟ್ಟಿ ಇವೂ ಆರಂಭಿಕ ಕಾಲದ ಗುರುತುಗಳೇ.

ಇಟ್ಟಿಗೆಯ ಅಂದಕ್ಕೆ ಮಾತ್ರ ಪೂರ್ತಿ ಮರುಳಾಗಬೇಡಿ. ಗುತ್ತಿಗೆ ಜಾಗದಲ್ಲಿ ಲಾಭಕ್ಕೆಂದು ಕಟ್ಟಿದವರು ದುಬಾರಿ ಇಟ್ಟಿಗೆಯನ್ನು ಉಳಿಸಲು, ಗೋಡೆಯ ಒಳಕ್ಕೆ ಹೋಗಿ ಹಿಡಿತ ಕೊಡಬೇಕಾದ ಅಡ್ಡ ಇಟ್ಟಿಗೆಗಳನ್ನು ಅರ್ಧಕ್ಕೆ ತುಂಡರಿಸಿ ಮುಂಭಾಗಕ್ಕೆ ಜೋಡಿಸುತ್ತಿದ್ದುದುಂಟು. ಹೊರಪದರಕ್ಕೂ ಒಳಗೋಡೆಗೂ ಹಿಡಿತ ಸಾಲದೆ ಇಂಥ ಗೋಡೆಗಳು ಹೊಟ್ಟೆ ಉಬ್ಬುತ್ತವೆ. ಗೋಡೆಗೆ ಕೆನ್ನೆಯಿಟ್ಟು ಓರೆಯಾಗಿ ನೋಡಿದರೆ ಅದು ತಿಳಿಯುತ್ತದೆ.

ಒಳಗೆ ಹೋಗುವ ಅವಕಾಶ ಸಿಕ್ಕರೆ, ಒಂದು ಬದಿಯ ಓಣಿ, ಮುಂದೊಂದು ಹಿಂದೊಂದು ಕೋಣೆ, ಹಿಂಗೋಣೆಯ ಪಕ್ಕದಲ್ಲಿ ಮೆಟ್ಟಿಲು, ಇಷ್ಟೇ ಸಾಮಾನ್ಯ ನಕ್ಷೆ. ಮೆಟ್ಟಿಲೇರುತ್ತ ಕಟಕಟೆಯ ಕಂಬಿಗಳ ಮೇಲೆ ಕಣ್ಣಿಡಿ: ಕೆಳಗಿನ ಅಂತಸ್ತುಗಳಲ್ಲಿ ತಿರುಚಿ ಕಡೆದ ಕಂಬಿಗಳು ಮೇಲಕ್ಕೆ ಹೋದಂತೆ ಸಾದಾ ಆಗುತ್ತವೆ, ಮತ್ತು ಆ ಕೆತ್ತನೆ ಎಲ್ಲಿ ನಿಲ್ಲುತ್ತದೋ ಅತಿಥಿಗಳಿಗೆ ಅಲ್ಲಿಯವರೆಗೆ ಮಾತ್ರ ಪ್ರವೇಶವಿತ್ತು.