ಮೈನರ್ ಲೀಗ್ ಆಟಗಾರನನ್ನು ಅಳೆಯುವುದು ಹೇಗೆ?

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ 1942ರಿಂದ ಇರುವ ಒಂದು ಬೇಸ್‌ಬಾಲ್ ಮೈದಾನವಿದೆ. ಈಗಿನ ಹೆಸರು ಎಕ್ಸೈಟ್ ಬಾಲ್‌ಪಾರ್ಕ್. ಬೇ ಏರಿಯಾದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅನೇಕರಿಗೆ ಇದು ಕಾರಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಇಲ್ಲಿ ಆಡುವ ಸ್ಯಾನ್ ಹೋಸೆ ಜೈಂಟ್ಸ್, ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ನ ಕಿರಿಯ ತಂಡ. ಬಸ್ಟರ್ ಪೋಸಿ ಮತ್ತು ಮ್ಯಾಡಿಸನ್ ಬಮ್‌ಗಾರ್ನರ್ 2009ರಲ್ಲಿ ಇಲ್ಲಿ ಆಡಿದರು. ಮರುವರ್ಷವೇ ವರ್ಲ್ಡ್ ಸೀರೀಸ್ (ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಕೂಟವಾದ ಮೇಜರ್ ಲೀಗ್‌ನ ಅಂತಿಮ ಸರಣಿ) ಗೆದ್ದ ಹಿರಿಯ ತಂಡದಲ್ಲಿದ್ದರು. ಇದೇ ಮೈದಾನದಲ್ಲಿ ಆಡಿದ ಬಹುಪಾಲು ಹುಡುಗರು ಮೇಜರ್ ಲೀಗ್ ಮೆಟ್ಟಿಲು ಹತ್ತಲೇ ಇಲ್ಲ. ಇಬ್ಬರ ಬ್ಯಾಟಿಂಗ್ ಸರಾಸರಿ ಒಂದೇ ಇದ್ದರೂ ಒಬ್ಬ ಮೇಲೇರುತ್ತಾನೆ, ಇನ್ನೊಬ್ಬ ಉಳಿದುಬಿಡುತ್ತಾನೆ. ಈ ವ್ಯತ್ಯಾಸವನ್ನು ಮೊದಲೇ ಊಹಿಸಲು ಒಂದು ಕ್ರಮವಿದೆ. ಇವತ್ತು ಅವನು ಗಳಿಸಿದ್ದರಲ್ಲಿ ಎಷ್ಟು ಪಾಲು ನಾಳೆ ಇನ್ನೂ ಬಲಿಷ್ಠ ಎದುರಾಳಿಯ ಮುಂದೆ ನಿಲ್ಲುತ್ತದೆ ಎಂಬುದೇ ಎಲ್ಲ ಹಂತಗಳಲ್ಲೂ ಕೇಳಬೇಕಾದ ಪ್ರಶ್ನೆ.

ಮೊದಲು ಏಣಿಯನ್ನು ಗುರುತಿಸಿಕೊಳ್ಳಿ

2021ರಿಂದ ಮೇಜರ್ ಲೀಗ್‌ನ 30 ಕ್ಲಬ್‌ಗಳಿಗೂ ತಲಾ ನಾಲ್ಕು ಪೂರ್ಣಾವಧಿ ಕಿರಿಯ ತಂಡಗಳಿವೆ, ಒಟ್ಟು 120. ಜೈಂಟ್ಸ್ ಕ್ಲಬ್‌ನ ಏಣಿ ಹೀಗಿದೆ: ಸಿಂಗಲ್-ಎ ಹಂತದಲ್ಲಿ ಸ್ಯಾನ್ ಹೋಸೆ, ಹೈ-ಎ ಹಂತದಲ್ಲಿ ಯುಜೀನ್, ಡಬಲ್-ಎ ಹಂತದಲ್ಲಿ ರಿಚ್‌ಮಂಡ್, ತುದಿಯ ಟ್ರಿಪಲ್-ಎ ಹಂತದಲ್ಲಿ ಸ್ಯಾಕ್ರಮೆಂಟೊ. ಇವಕ್ಕೂ ಕೆಳಗೆ ಅರಿಜೋನಾದ ತರಬೇತಿ ಶಿಬಿರದ ಲೀಗ್ ಮತ್ತು ಡೊಮಿನಿಕನ್ ಬೇಸಿಗೆ ಲೀಗ್ ಇವೆ.

ಕ್ರಿಕೆಟ್ ನೋಡಿ ಬೆಳೆದವರು ಇದನ್ನು ರಣಜಿ ಟ್ರೋಫಿಗೆ ಹೋಲಿಸಲು ಹೋಗಿ ಎಡವುತ್ತಾರೆ. ರಣಜಿಯಲ್ಲಿ ಕರ್ನಾಟಕ ಗೆಲ್ಲುವುದಕ್ಕಾಗಿಯೇ ಆಡುತ್ತದೆ. ಮೈನರ್ ಲೀಗ್‌ನಲ್ಲಿ ಆಟಗಾರನ ಒಪ್ಪಂದ ಇರುವುದು ಹಿರಿಯ ಕ್ಲಬ್‌ನೊಂದಿಗೆ. ಯಾರು ಎಲ್ಲಿ ಆಡಬೇಕು, ಯಾವಾಗ ಬಡ್ತಿ ಪಡೆಯಬೇಕು ಎಂದು ನಿರ್ಧರಿಸುವುದೂ ಅದೇ. ಕಲಿಕೆ ಮೊದಲು, ಗೆಲುವು ಆಮೇಲೆ. ಹಾಗಾಗಿ ಕಿರಿಯ ತಂಡ ಅಂಕಪಟ್ಟಿಯಲ್ಲಿ ಎಷ್ಟನೇ ಸ್ಥಾನದಲ್ಲಿದೆ ಎಂಬುದನ್ನು ನೋಡುವ ಅಗತ್ಯವೇ ಇಲ್ಲ.

ವಯಸ್ಸು

ಅಂಕಿಅಂಶ ತೆರೆಯುವ ಮುನ್ನ ಹುಟ್ಟಿದ ವರ್ಷ ನೋಡಿ. ಸಿಂಗಲ್-ಎ ಆಟಗಾರರ ವಯಸ್ಸು ಸಾಮಾನ್ಯವಾಗಿ 20–21ರ ಆಸುಪಾಸು. ಟ್ರಿಪಲ್-ಎ ಹೊತ್ತಿಗೆ ಅದು 26ಕ್ಕೆ ಹತ್ತಿರವಾಗುತ್ತದೆ. ಅದೇ .290 ಸರಾಸರಿಯನ್ನು (ನೂರು ಅವಕಾಶಗಳಲ್ಲಿ 29 ಬಾರಿ ಹೊಡೆದು ಬೇಸ್ ತಲುಪುವುದು) ಸಿಂಗಲ್-ಎ ಹಂತದಲ್ಲಿ 24ರ ಯುವಕ ಗಳಿಸಿದರೆ ನಾನು ಪುಟ ತಿರುಗಿಸುತ್ತೇನೆ, 19ರ ಹುಡುಗ ಗಳಿಸಿದರೆ ಅಲ್ಲೇ ನಿಲ್ಲುತ್ತೇನೆ. ಹುವಾನ್ ಸೋಟೊ 2018ರ ಋತುವನ್ನು ಸಿಂಗಲ್-ಎ ಹಂತದ ಹೇಗರ್ಸ್‌ಟೌನ್‌ನಲ್ಲಿ ಆರಂಭಿಸಿ, ಎರಡು ಹಂತ ದಾಟಿ, ಮೇ ತಿಂಗಳಲ್ಲೇ ವಾಷಿಂಗ್ಟನ್ ನ್ಯಾಷನಲ್ಸ್ ಪರ ಆಡಿದರು. ಆಗ ಅವರಿಗೆ 19. ಜೈಂಟ್ಸ್‌ನ ಬ್ರೈಸ್ ಎಲ್ಡ್ರಿಜ್ 2024ರಲ್ಲಿ ಅದೇ ವಯಸ್ಸಿನಲ್ಲಿ ಸ್ಯಾನ್ ಹೋಸೆಯಿಂದ ಹೊರಟು, ಒಂದೇ ಋತುವಿನಲ್ಲಿ ಏಣಿಯ ನಾಲ್ಕೂ ಮೆಟ್ಟಿಲುಗಳಲ್ಲಿ ಆಡಿದರು. ಕ್ಲಬ್ ಒಬ್ಬನನ್ನು ಇಷ್ಟು ಅವಸರದಿಂದ ಮೇಲೇರಿಸುತ್ತಿದೆ ಎಂದರೆ ಅದಕ್ಕೆ ಅವನ ಮೇಲೆ ಎಷ್ಟು ನಂಬಿಕೆಯಿದೆ ಎಂಬುದು ಕೇಳದೆಯೇ ತಿಳಿಯುತ್ತದೆ.

ಸರಾಸರಿ ಬಿಡಿ, ಈ ಎರಡು ಲೆಕ್ಕ ಹಿಡಿಯಿರಿ

ಬ್ಯಾಟಿಗೆ ತಗುಲಿದ ಚೆಂಡು ಕ್ಷೇತ್ರರಕ್ಷಕನ ಕೈಗೆ ಹೋಯಿತೋ, ಪಕ್ಕದಲ್ಲಿ ಬಿತ್ತೋ ಎಂಬುದರಲ್ಲಿ ಅದೃಷ್ಟದ ಪಾಲು ದೊಡ್ಡದು. ಒಂದು ತಿಂಗಳ ಸರಾಸರಿ ಹೀಗೆಯೇ ಮೋಸ ಮಾಡುತ್ತದೆ. ಸ್ಟ್ರೈಕ್‌ಔಟ್ ಮತ್ತು ವಾಕ್ ಹಾಗಲ್ಲ. ಮೂರು ಸ್ಟ್ರೈಕ್ (ಬೀಸಿ ತಪ್ಪಿದ ಅಥವಾ ಆಡಬೇಕಿದ್ದರೂ ಬಿಟ್ಟ ಎಸೆತ) ತಿಂದು ಔಟಾಗುವುದು ಸ್ಟ್ರೈಕ್‌ಔಟ್. ಗುರಿ ತಪ್ಪಿದ ನಾಲ್ಕು ಎಸೆತಗಳನ್ನು ತಾಳ್ಮೆಯಿಂದ ಬಿಟ್ಟು ಮೊದಲ ಬೇಸ್ ಗಳಿಸುವುದು ವಾಕ್. ಎರಡರಲ್ಲೂ ಕ್ಷೇತ್ರರಕ್ಷಕರಿಗೆ ಕೆಲಸವಿಲ್ಲ. ಅಲ್ಲಿ ಕಾಣುವುದು ಬ್ಯಾಟರ್‌ನ ಕಣ್ಣು, ಕೈ.

ಲೆಕ್ಕ ಸುಲಭ. 120 ಬಾರಿ ಬ್ಯಾಟಿಂಗ್‌ಗೆ ನಿಂತವನು 36 ಬಾರಿ ಸ್ಟ್ರೈಕ್‌ಔಟ್ ಆಗಿ, 12 ವಾಕ್ ಪಡೆದಿದ್ದರೆ ಕ್ರಮವಾಗಿ ಶೇ 30 ಮತ್ತು ಶೇ 10. ಇತ್ತೀಚಿನ ವರ್ಷಗಳಲ್ಲಿ ಮೇಜರ್ ಲೀಗ್‌ನ ಸರಾಸರಿ ಸುಮಾರು ಶೇ 22 ಮತ್ತು ಶೇ 8. ಸಿಂಗಲ್-ಎ ಪಿಚರ್‌ಗಳ (ಚೆಂಡೆಸೆಯುವವರ) ಎದುರೇ ಸ್ಟ್ರೈಕ್‌ಔಟ್ ಶೇ 30 ಆದವನು ಮೇಲಿನ ಹಂತದ, ಪಕ್ಕಕ್ಕೆ ಜಾರುವ ಸ್ಲೈಡರ್ ಎಸೆತಗಳ ಮುಂದೆ ಇನ್ನಷ್ಟು ತಡವರಿಸುವ ಸಂಭವವೇ ಹೆಚ್ಚು. ಹಾಗೆಂದು ಅವನನ್ನು ಕೈಬಿಡಬೇಕಿಲ್ಲ. ಚೆಂಡನ್ನು ಬಲವಾಗಿ ಹೊಡೆಯುವ ಶಕ್ತಿ ಅಸಾಧಾರಣವಾಗಿದ್ದರೆ ಕೊಂಚ ಕಾಯಬಹುದು. ಒಂದೇ ಹಂತದಲ್ಲಿ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಸ್ಟ್ರೈಕ್‌ಔಟ್ ಇಳಿಯುತ್ತಾ ಬಂದಿದ್ದರೆ ಅದನ್ನು ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಳ್ಳಿ. ಹುಡುಗ ಕಲಿಯುತ್ತಿದ್ದಾನೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿಯನ್ನು ನಾನು ಕಂಡಿಲ್ಲ.

ಮೈದಾನದ ಗುಣ

ಸ್ಯಾಕ್ರಮೆಂಟೊ ಆಡುವ ಪೆಸಿಫಿಕ್ ಕೋಸ್ಟ್ ಲೀಗ್‌ನಲ್ಲಿ ಅಲ್ಬುಕರ್ಕಿ, ರೀನೊ, ಲಾಸ್ ವೇಗಸ್‌ಗಳಿವೆ. ಅಲ್ಬುಕರ್ಕಿ ಸಮುದ್ರ ಮಟ್ಟದಿಂದ 5,000 ಅಡಿಗೂ ಎತ್ತರದಲ್ಲಿದೆ. ಗಾಳಿ ತೆಳುವಾದ್ದರಿಂದ ಚೆಂಡು ದೂರ ಹಾರುತ್ತದೆ, ಪಿಚರ್‌ನ ಎಸೆತ ಕಡಿಮೆ ತಿರುಗುತ್ತದೆ. ರಿಚ್‌ಮಂಡ್‌ನ ಹಳೆಯ ಮೈದಾನ ದಿ ಡೈಮಂಡ್ ಇದಕ್ಕೆ ತದ್ವಿರುದ್ಧ. ಬ್ಯಾಟರ್‌ಗಳಿಗೆ ಕಠಿಣವೆಂದೇ ಹೆಸರಾಗಿತ್ತು. ರಿಚ್‌ಮಂಡ್‌ನಿಂದ ಸ್ಯಾಕ್ರಮೆಂಟೊಗೆ ಬಂದವನ ಹೋಮ್ ರನ್‌ಗಳು ಹೆಚ್ಚಿದರೆ ಅದರಲ್ಲಿ ಗಾಳಿಯ ಪಾಲೆಷ್ಟು ಎಂದು ಕೇಳಲೇಬೇಕು.

ಈಗ ಕಣ್ಣಿಗೆ ಕೆಲಸ

ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್‌ನ ಹಿಂದಿನ ಸಾಲುಗಳಲ್ಲಿ ರೇಡಾರ್ ಗನ್, ಸ್ಟಾಪ್‌ವಾಚ್ ಹಿಡಿದು ಕೂತವರು ಸ್ಕೌಟ್‌ಗಳು, ಅಂದರೆ ಕ್ಲಬ್‌ಗಳಿಗಾಗಿ ಆಟಗಾರರನ್ನು ಅಳೆಯುವವರು. ಅವರ ಒಂದು ಕೆಲಸವನ್ನು ನೀವೂ ಮೊಬೈಲ್‌ನಲ್ಲೇ ಮಾಡಬಹುದು. ಬ್ಯಾಟಿಗೆ ಚೆಂಡು ತಗುಲಿದ ಸದ್ದಿಗೆ ಗಡಿಯಾರ ಒತ್ತಿ, ಓಟಗಾರನ ಪಾದ 90 ಅಡಿ ದೂರದ ಮೊದಲ ಬೇಸನ್ನು ತುಳಿದಾಗ ನಿಲ್ಲಿಸಿ. ಬಲಗೈ ಬ್ಯಾಟರ್‌ಗೆ ಸುಮಾರು 4.3 ಸೆಕೆಂಡ್, ಎಡಗೈಯವನಿಗೆ 4.2 ಬಂದರೆ ಅದು ಮೇಜರ್ ಲೀಗ್‌ನ ಸಾಧಾರಣ ಓಟ. ಎಡಗೈಯವನು ನಿಲ್ಲುವುದೇ ಬೇಸ್‌ಗೆ ಹತ್ತಿರ, ಅದಕ್ಕೇ ಈ ರಿಯಾಯಿತಿ. ಒಂದೇ ಓಟ ನಂಬಬೇಡಿ. ಔಟಾಗುವುದು ಖಚಿತವೆಂದಾಗ ಅನೇಕರು ಕಾಲು ನಿಧಾನಿಸುತ್ತಾರೆ.

ಸ್ಕೌಟ್‌ಗಳು ಚೆಂಡು ತಾಗಿಸುವ ಕೌಶಲ, ಹೊಡೆತದ ಬಲ, ಓಟ, ಕ್ಷೇತ್ರರಕ್ಷಣೆ, ಎಸೆತದ ಬಲ ಎಂಬ ಐದಕ್ಕೂ 20ರಿಂದ 80ರವರೆಗೆ ಅಂಕ ಕೊಡುತ್ತಾರೆ. 50 ಎಂದರೆ ಮೇಜರ್ ಲೀಗ್‌ನ ಸಾಧಾರಣ ಮಟ್ಟ. 80 ಬಹಳ ಅಪರೂಪ. ಪ್ರತಿಯೊಂದಕ್ಕೂ ಇಂದಿನದು ಮತ್ತು ಮುಂದೆ ಆಗಬಹುದಾದದ್ದು ಎಂದು ಎರಡು ಅಂಕ. 30/55 ಎಂದು ಬರೆದಿದ್ದರೆ ನಡುವಿನ ಅಂತರವೇ ಕ್ಲಬ್ ಹಾಕುತ್ತಿರುವ ಪಣ.

ಆಟಗಾರ ನಿಲ್ಲುವ ಸ್ಥಾನವನ್ನೂ ಇಲ್ಲೇ ತೂಗಿ. ಜೈಂಟ್ಸ್ 2018ರ ಡ್ರಾಫ್ಟ್‌ನಲ್ಲಿ (ಕ್ಲಬ್‌ಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ಕ್ರಮ) ಒಟ್ಟಾರೆ ಎರಡನೇ ಆಯ್ಕೆಯಾಗಿ ಕ್ಯಾಚರ್ (ಪ್ಲೇಟ್‌ನ ಹಿಂದೆ ಕೂತು ಚೆಂಡು ಹಿಡಿಯುವವನು) ಜೋಯಿ ಬಾರ್ಟ್ ಅವರನ್ನು ತಂದರು. ಮೇಲೆ ಬಂದಾಗ ಸ್ಟ್ರೈಕ್‌ಔಟ್‌ಗಳು ಅವರನ್ನು ಕಾಡಿದವು. 2020ರಲ್ಲಿ 13ನೆಯವರಾಗಿ ಬಂದ ಪ್ಯಾಟ್ರಿಕ್ ಬೇಲಿ ಬ್ಯಾಟಿಂಗ್‌ನಲ್ಲಿ ಮಿಂಚಿದವರಲ್ಲ. ಆದರೂ ಪ್ಲೇಟ್‌ನ ಹಿಂದಿನ ಕೈಚಳಕದಿಂದ ಆ ಜಾಗ ಹಿಡಿದು 2024ರಲ್ಲಿ ಕ್ಷೇತ್ರರಕ್ಷಣೆಯ ಗೋಲ್ಡ್ ಗ್ಲವ್ ಪ್ರಶಸ್ತಿ ಗೆದ್ದರು. ಕ್ಯಾಚರ್, ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವಿನ ಜಾಗ), ಸೆಂಟರ್ ಫೀಲ್ಡ್‌ನಲ್ಲಿ ನಿಲ್ಲಬಲ್ಲವನಿಗೆ ಬ್ಯಾಟಿಂಗ್‌ನಲ್ಲಿ ವಿನಾಯಿತಿ ಉಂಟು. ಮೊದಲ ಬೇಸ್ ಕಾಯುವವನಿಗೆ ಇಲ್ಲ, ಅವನು ಹೊಡೆಯಲೇಬೇಕು.

ಪಿಚರ್‌ಗಳ ವಿಷಯದಲ್ಲಿ ಎರಡು ಪಟ್ಟು ಎಚ್ಚರ

ರೇಡಾರ್‌ನಲ್ಲಿ ಗಂಟೆಗೆ 98 ಮೈಲಿ ಕಂಡೊಡನೆ ಮನಸ್ಸು ಕುಣಿಯುತ್ತದೆ. ಮೊದಲು ಎಸೆತಗಳ ಬಗೆ ಎಣಿಸಿ. ನಂಬಬಹುದಾದ ಮೂರನೇ ಎಸೆತವಿಲ್ಲದವನು, ಎಷ್ಟೇ ವೇಗಿಯಾಗಿದ್ದರೂ, ಬಹುಮಟ್ಟಿಗೆ ಒಂದೆರಡು ಇನಿಂಗ್ಸ್ ಎಸೆಯುವ ಬುಲ್‌ಪೆನ್ ಪಾಲಾಗುತ್ತಾನೆ. ಬಲಗೈ ಪಿಚರ್ ಆದರೆ ಎಡಗೈ ಬ್ಯಾಟರ್‌ಗಳ ಎದುರು ಚೇಂಜ್‌ಅಪ್ (ವೇಗ ತಗ್ಗಿಸಿ ಮೋಸಗೊಳಿಸುವ ಎಸೆತ) ಬಳಸುತ್ತಾನೆಯೇ ಎಂದು ಗಮನಿಸಿ. ಮೊಣಕೈ ಗಾಯವೂ ಲೆಕ್ಕದಲ್ಲಿರಲಿ: ಟಾಮಿ ಜಾನ್ ಶಸ್ತ್ರಚಿಕಿತ್ಸೆಯಾದರೆ ವರ್ಷ, ಒಂದೂವರೆ ವರ್ಷ ಕೈತಪ್ಪುತ್ತದೆ. ಆದರೆ ಅದು ಕಥೆಯ ಕೊನೆಯಲ್ಲ. 2014ರ ನಾಲ್ಕನೇ ಸುತ್ತಿನಲ್ಲಿ ಆಯ್ಕೆಯಾದ ಲೋಗನ್ ವೆಬ್ 2016ರಲ್ಲಿ ಆ ಶಸ್ತ್ರಚಿಕಿತ್ಸೆಗೆ ಒಳಗಾದರು, 2019ರಲ್ಲಿ ಮೇಲೆ ಬಂದರು, 2023ರಲ್ಲಿ ನ್ಯಾಷನಲ್ ಲೀಗ್‌ನ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಮತದಾನದಲ್ಲಿ ಎರಡನೆಯವರಾದರು. ಅವರ ಬಲ ವೇಗದಲ್ಲಿಲ್ಲ, ಬ್ಯಾಟರ್ ಚೆಂಡನ್ನು ನೆಲಕ್ಕೇ ಹೊಡೆಯುವಂತೆ ಮಾಡುವುದರಲ್ಲಿದೆ.

ಡ್ರಾಫ್ಟ್‌ನ ಸುತ್ತು ನೋಡಿ ಮರುಳಾಗಬೇಡಿ. 1991ರ ಮೊದಲ ಆಯ್ಕೆ ಬ್ರಿಯೆನ್ ಟೇಲರ್ ಮೇಜರ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. 1988ರ 62ನೇ ಸುತ್ತಿನಲ್ಲಿ ಆಯ್ಕೆಯಾದ ಮೈಕ್ ಪಿಯಾಝಾ ಹಾಲ್ ಆಫ್ ಫೇಮ್ ಸೇರಿದರು.

ಇಡೀ ಕ್ಲಬ್ ಬಗ್ಗೆ ತೀರ್ಪು

ಒಬ್ಬೊಬ್ಬರ ಹೆಸರಿನ ಮುಂದೆ ಎರಡು ಟಿಪ್ಪಣಿ ಬರೆಯಿರಿ: ಎಲ್ಲವೂ ಕೂಡಿಬಂದರೆ ಏನಾಗಬಲ್ಲ, ಏನೂ ಹೆಚ್ಚು ಸುಧಾರಿಸದಿದ್ದರೆ ಏನಾಗಿ ಉಳಿಯುತ್ತಾನೆ. ಬಳಿಕ ಅವರೆಲ್ಲ ಏಣಿಯ ಎಲ್ಲಿದ್ದಾರೆ ನೋಡಿ. ಭರವಸೆಯ ಹತ್ತು ಮಂದಿಯೂ ಸಿಂಗಲ್-ಎ ಹಂತದಲ್ಲೇ ಇದ್ದರೆ ಹಿರಿಯ ತಂಡಕ್ಕೆ ಅದರ ಫಲ ಸಿಗಲು ವರ್ಷಗಳೇ ಬೇಕು, ಅಷ್ಟರಲ್ಲಿ ಅರ್ಧದಷ್ಟು ಮಂದಿ ಹಿಂದೆ ಬಿದ್ದಿರುತ್ತಾರೆ. ಮೇಲಿನ ಎರಡು ಹಂತಗಳಲ್ಲಿ ಇರುವವರಿಗೆ ಬೆಲೆ ಹೆಚ್ಚು, ಏಕೆಂದರೆ ಅವರು ಕ್ಲಬ್‌ಗಳ ನಡುವಿನ ಆಟಗಾರರ ವಿನಿಮಯದಲ್ಲೂ ಒದಗುತ್ತಾರೆ. 2025ರ ಜೂನ್‌ನಲ್ಲಿ ಬ್ಯಾಟರ್ ರಫಾಯೆಲ್ ಡೆವರ್ಸ್ ಅವರನ್ನು ಬಾಸ್ಟನ್‌ನಿಂದ ತರಿಸಿಕೊಳ್ಳಲು ಜೈಂಟ್ಸ್ ಕೊಟ್ಟವರಲ್ಲಿ ಅವರದೇ ಏಣಿ ಏರಿಬಂದ ಎಡಗೈ ಪಿಚರ್ ಕೈಲ್ ಹ್ಯಾರಿಸನ್ ಕೂಡ ಇದ್ದರು.

ಮೈನರ್ ಲೀಗ್ ಋತು ಸೆಪ್ಟೆಂಬರ್‌ನಲ್ಲಿ ಮುಗಿಯುತ್ತದೆ. ಅಕ್ಟೋಬರ್‌ನಲ್ಲಿ ಫೀನಿಕ್ಸ್ ಸುತ್ತಮುತ್ತ ನಡೆಯುವ ಅರಿಜೋನಾ ಫಾಲ್ ಲೀಗ್‌ಗೆ ಎಲ್ಲ 30 ಕ್ಲಬ್‌ಗಳೂ ತಮ್ಮ ಭರವಸೆಯ ಹುಡುಗರನ್ನು ಕಳುಹಿಸುತ್ತವೆ. ನಿಮ್ಮ ಟಿಪ್ಪಣಿಗಳನ್ನು ಒರೆಗೆ ಹಚ್ಚಲು ಅಲ್ಲಿ ಆಡುವವರ ಅಂಕಿಅಂಶಗಳಿಂದಲೇ ಶುರು ಮಾಡಬಹುದು.