ದಿನಾಂಕದ ಅಕ್ಷವನ್ನು ಕೊನೆಗೆ ತಂದ ಮೇಲೆ: ನನ್ನ ಅನುಭವ

ಕಾರಟಗಿ ಕಡೆಯ ಅಕ್ಕಿ ಗಿರಣಿಯೊಂದಕ್ಕೆ ಯಾವ ಗದ್ದೆಯಲ್ಲಿ ಯಾವಾಗ ನಾಟಿಯಾಗಿದೆ ಎಂಬುದನ್ನು ಉಪಗ್ರಹ ಚಿತ್ರಗಳಿಂದ ಗುರುತಿಸಿಕೊಡುವ ಕೆಲಸವನ್ನು ಗಂಗಾವತಿಯ ಮನೆಯಲ್ಲೇ ಕುಳಿತು, 4 ಜಿಬಿ ಮೆಮೊರಿಯ ಹಳೆಯ ಲ್ಯಾಪ್‌ಟಾಪಿನಲ್ಲಿ ಮಾಡುತ್ತೇನೆ ಎಂದಾಗ ಬೆಂಗಳೂರಿನ ಗೆಳೆಯರು ನಕ್ಕಿದ್ದರು. ಅವರ ಮಾತಿಗೆ ಕಟ್ಟುಬಿದ್ದು ಎರಡು ತಿಂಗಳು ಸರ್ವರ್ ಬಾಡಿಗೆಗೆ ಹಿಡಿದು ಸುಮಾರು 9,000 ರೂಪಾಯಿ ಕಳೆದುಕೊಂಡೆ. ಗಿರಣಿಯವರು ಕೊಟ್ಟ ಮುಂಗಡವೇ 10,000.

ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು ಉಚಿತ, ಐದು ದಿನಕ್ಕೊಮ್ಮೆ ಸಿಗುತ್ತವೆ, ಆದ್ದರಿಂದ ಒಂದು ಹಂಗಾಮಿಗೆ ಹೆಚ್ಚುಕಡಿಮೆ 30 ಚಿತ್ರಗಳಾದವು. 10 ಮೀಟರಿನ ಪಿಕ್ಸೆಲ್‌ಗಳಲ್ಲಿ 3000 ಸಾಲು, 4000 ಕಂಬ ಕತ್ತರಿಸಿಕೊಂಡು, ನಂಪೈ (ಪೈಥಾನ್ ಭಾಷೆಯ ಲೆಕ್ಕದ ಸಲಕರಣೆ) ಅರೇಯನ್ನು, ಅಂದರೆ ಸಂಖ್ಯೆಗಳ ಕೋಷ್ಟಕವನ್ನು, ದಿನಾಂಕ, ಸಾಲು, ಕಂಬ ಎಂಬ ಮೂರು ಅಕ್ಷಗಳ ಕ್ರಮದಲ್ಲಿ ಪೇರಿಸಿದ್ದೆ. ಒಂದು ದಿನದ ಇಡೀ ಚಿತ್ರ ಮುಗಿದ ಮೇಲಷ್ಟೇ ಮುಂದಿನ ದಿನದ್ದು.

ಮೊದಲ ಪೆಟ್ಟು ಎನ್‌ಡಿವಿಐ ಲೆಕ್ಕದಲ್ಲೇ ಬಿತ್ತು. ಇನ್‌ಫ್ರಾರೆಡ್ ಮತ್ತು ಕೆಂಪು ಬೆಳಕಿನ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿ ಬೆಳೆಯ ಹಸಿರನ್ನು ಅಳೆಯುವ ಸೂಚ್ಯಂಕ ಅದು. ಬ್ಯಾಂಡ್‌ಗಳು (ಒಂದೊಂದು ಬಗೆಯ ಬೆಳಕಿನ ಅಳತೆಗಳು) ಯುಇಂಟ್16, ಅಂದರೆ ಋಣ ಸಂಖ್ಯೆ ಹಿಡಿಸದ 16 ಬಿಟ್‌ನ ಪೂರ್ಣಾಂಕಗಳು, ಆಗಿದ್ದವು. ನೀರು ನಿಂತ ಗದ್ದೆಯಲ್ಲಿ ಇನ್‌ಫ್ರಾರೆಡ್ 410, ಕೆಂಪು 620 ಇದ್ದರೆ ವ್ಯತ್ಯಾಸ −210 ಆಗುವ ಬದಲು 65,326 ಆಗಿ, −0.2 ಬರಬೇಕಾದಲ್ಲಿ 63 ಬಂದು ಕುಳಿತಿತ್ತು. ಎಚ್ಚರಿಕೆಯ ಒಂದು ಸಾಲೂ ಪರದೆಯ ಮೇಲೆ ಬರಲಿಲ್ಲ. ನಕ್ಷೆ ನೋಡಿದ ಗಿರಣಿ ಮಾಲೀಕರು, "ಇನ್ನಾ ನೆಲ್ಲ ಹಚ್ಚೇ ಇಲ್ಲ, ನಿಮ್ಮ ಕಂಪ್ಯೂಟರ್‌ನಾಗ ಆಗಲೇ ತೆನಿ ಬಂದೈತಲ್ರೀ" ಎಂದರು.

ಅದಕ್ಕೆ ಹೆದರಿ ಎಲ್ಲವನ್ನೂ ಫ್ಲೋಟ್64 (ಸಂಖ್ಯೆಗೆ ಎಂಟು ಬೈಟ್ ಹಿಡಿಯುವ ದಶಮಾಂಶ ರೂಪ) ಮಾಡಿದೆ. ಕಡತ 2.9 ಜಿಬಿಗೆ ಏರಿತು, ಮೆಮೊರಿಯಲ್ಲಿ ಹಿಡಿಸದೆ ಮೆಮ್‌ಮ್ಯಾಪ್‌ಗೆ (ಕಡತವನ್ನು ಡಿಸ್ಕಿನಲ್ಲೇ ಇಟ್ಟು ಬೇಕಾದ ತುಂಡನ್ನಷ್ಟೇ ಓದುವ ವಿಧಾನಕ್ಕೆ) ಇಳಿಯಬೇಕಾಯಿತು. ಎರಡು ಎಕರೆಯ ಗದ್ದೆ ಎಂದರೆ ಸುಮಾರು 81 ಪಿಕ್ಸೆಲ್, ಒಂಬತ್ತು ಸಾಲು. 30 ದಿನಾಂಕಕ್ಕೆ ಡಿಸ್ಕಿನಲ್ಲಿ 270 ಬೇರೆ ಬೇರೆ ಜಾಗಗಳಿಗೆ ಓದುವ ಮುಳ್ಳು ಓಡಬೇಕು. ಹೀಗೆ 6,000 ಗದ್ದೆಗಳಿಗೆ ನಾಲ್ಕೂವರೆ ಗಂಟೆ ಹಿಡಿಯುತ್ತಿತ್ತು, ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ.

ಟ್ರಾನ್ಸ್‌ಪೋಸ್ (ಅಕ್ಷಗಳ ಕ್ರಮ ಬದಲಿಸುವ ಆಜ್ಞೆ) ಮಾಡಿ ದಿನಾಂಕವನ್ನು ಕೊನೆಯ ಅಕ್ಷಕ್ಕೆ ತಂದು ಗೆದ್ದೆನೆಂದುಕೊಂಡೆ. ವೇಗ ಕೂದಲಷ್ಟೂ ಬದಲಾಗಲಿಲ್ಲ. ಅದು ಸ್ಟ್ರೈಡ್‌ಗಳನ್ನಷ್ಟೇ (ಮುಂದಿನ ಸಂಖ್ಯೆಗೆ ಎಷ್ಟು ಬೈಟ್ ಹಾರಬೇಕೆಂಬ ಲೆಕ್ಕವನ್ನಷ್ಟೇ) ಅದಲು ಬದಲು ಮಾಡುತ್ತದೆ, ದತ್ತಾಂಶ ಡಿಸ್ಕಿನಲ್ಲಿ ಇದ್ದಲ್ಲೇ ಇರುತ್ತದೆ ಎಂಬುದು ಗೊತ್ತಿದ್ದೂ ಮರೆತಿದ್ದೆ. ಕೊನೆಗೆ ಎನ್‌ಡಿವಿಐಯನ್ನು 10,000ದಿಂದ ಗುಣಿಸಿ ಇಂಟ್16ಕ್ಕೆ (ಋಣ ಸಂಖ್ಯೆಯೂ ಹಿಡಿಸುವ, ಎರಡು ಬೈಟ್‌ನ ಪೂರ್ಣಾಂಕಕ್ಕೆ) ಇಳಿಸಿ, 100 ಸಾಲುಗಳಂತೆ ಓದಿ, ತಿರುಗಿಸಿ, ನಂಪೈಯ ಆಸ್‌ಕಂಟಿಗ್ಯುಅಸ್‌ಅರೇ ಆಜ್ಞೆಯ ಮೂಲಕ ನಿಜವಾದ ನಕಲು ಮಾಡಿ ಹೊಸ ಕಡತಕ್ಕೆ ಬರೆದೆ. ಒಂದು ಸಲಕ್ಕೆ 24 ಎಂಬಿ, ಒಟ್ಟು 30 ಸುತ್ತು. ಕಡತ 720 ಎಂಬಿಗೆ ಇಳಿಯಿತು. ಒಂದು ಪಿಕ್ಸೆಲ್‌ನ ಇಡೀ ಹಂಗಾಮು ಈಗ ಒಟ್ಟೊಟ್ಟಿಗೆ 60 ಬೈಟ್‌ಗಳಲ್ಲಿ ಕುಳಿತಿದೆ. ಆ 6,000 ಗದ್ದೆಗಳು ಐದು ನಿಮಿಷದೊಳಗೆ ಮುಗಿದವು. ನಕ್ಕಿದ್ದ ಗೆಳೆಯರಲ್ಲೊಬ್ಬರು ಈಗ ಆ ಕೋಡ್ ಕಳುಹಿಸಿರೆಂದು ಕೇಳುತ್ತಿದ್ದಾರೆ.

ಇದರಲ್ಲಿ ಇಂಟ್16ರ ಪಾಲೆಷ್ಟು ಎಂಬ ಕುತೂಹಲಕ್ಕೆ ಫ್ಲೋಟ್64ರಲ್ಲೇ ಅಕ್ಷವನ್ನಷ್ಟೇ ಬದಲಿಸಿ ನೋಡಿದೆ, ಕಾಲು ಗಂಟೆ ಹಿಡಿಯಿತು. ಜೂಲಿಯಾ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯಲ್ಲೂ ಒಂದು ಭಾನುವಾರ ಕಳೆದೆ. ಅಲ್ಲಿ ಮೊದಲ ಸೂಚ್ಯಂಕವೇ ವೇಗವಾಗಿ ಓಡುವುದರಿಂದ ದಿನಾಂಕವನ್ನು ಮೊದಲಿಗೇ ಇಡಬೇಕು, ಇಲ್ಲದಿದ್ದರೆ ಹಳೆಯ ಗೋಳೇ ಮರುಕಳಿಸುತ್ತದೆ.

ಮುಂಗಾರಿನಲ್ಲಿ ಮೋಡ ಕವಿದ ದಿನಾಂಕಗಳನ್ನು ಹೇಗೆ ತುಂಬಿದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಬೇಸಿಗೆ ಬೆಳೆಯ ಕೆಲಸಕ್ಕೂ ಗಿರಣಿಯವರು ನನ್ನನ್ನೇ ಕರೆದಿರುವುದು ಅದರಿಂದಾಗಿ.